ವಾಲ್ವ್ ಆಂಪ್ಲಿಫೈಯರಿಗೆ ಹೈ ವೋಲ್ಟೇಜ್ ರೆಗ್ಯುಲೇಟರ್: ಯಾವುದು, ಏಕೆ, ಹೇಗೆ?

ಎಲ್‌ಪಿ ತಟ್ಟೆಗಳನ್ನು ಕೇಳುವ ಹವ್ಯಾಸ ಮರಳಿದ ಮೇಲೆ ವಾಲ್ವ್ ಆಂಪ್ಲಿಫೈಯರುಗಳೂ ಮನೆಯ ಹಜಾರಕ್ಕೆ ಮರಳಿವೆ. ಅಟ್ಟದಲ್ಲಿದ್ದ ಹಳೆಯ ರೇಡಿಯೊದ ವಾಲ್ವುಗಳನ್ನೇ ಬಳಸಿ ಆಂಪ್ಲಿಫೈಯರ್ ಕಟ್ಟುವವರಿದ್ದಾರೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಿ ಬಿಡಿಭಾಗ ಕೂಡಿಸುವವರಿದ್ದಾರೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1960ರ ದಶಕದಲ್ಲಿ ರೇಡಿಯೊ ವಾಲ್ವುಗಳನ್ನು ತಯಾರಿಸುತ್ತಿದ್ದುದರಿಂದ, ಆ ಹೆಸರು ಹೊತ್ತ ಗಾಜಿನ ಬುರುಡೆಗಳು ಇಂದಿಗೂ ಕೆಲವರ ಕೈಗೆ ಸಿಗುತ್ತವೆ. ಆಂಪ್ಲಿಫೈಯರ್ ಹಾಡತೊಡಗಿದ ಕೆಲವೇ ದಿನಗಳಲ್ಲಿ ಎರಡು ದೂರುಗಳು ಏಳುತ್ತವೆ. ಹಾಡು ನಿಂತಾಗ ಸ್ಪೀಕರಿನಿಂದ ಗುಂಯ್ಯೆನ್ನುವ ಸದ್ದು ಕೇಳುತ್ತದೆ ಎಂಬುದು ಒಂದು. ಸಂಜೆ ಕರೆಂಟು ಇಳಿದಾಗ ಧ್ವನಿಯೂ ಸೊರಗುತ್ತದೆ ಎಂಬುದು ಇನ್ನೊಂದು. ಬಲ್ಲವರು ಯಾರಾದರೂ ಆಗ ‘ರೆಗ್ಯುಲೇಟರ್ ಹಾಕಿ’ ಎನ್ನುತ್ತಾರೆ, ಅಂದರೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಸರ್ಕ್ಯೂಟು. ಯಾವ ರೆಗ್ಯುಲೇಟರ್ ಎಂದು ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಆ ಹೆಸರುಗಳ ಹಿಂದಿರುವ ತತ್ವ ಏನು, ನಿಮ್ಮ ಆಂಪ್ಲಿಫೈಯರಿಗೆ ಹೊಂದುವುದು ಯಾವುದೆಂದು ಲೆಕ್ಕ ಹಾಕುವುದು ಹೇಗೆ ಎಂಬುದನ್ನು ಬುಡದಿಂದ ನೋಡೋಣ.

ವಾಲ್ವಿಗೆ ಅಷ್ಟೊಂದು ವೋಲ್ಟೇಜ್ ಏಕೆ ಬೇಕು?

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಒಳಗೆ ಹೀಟರ್ ಕಾಯಿಸುವ ಕ್ಯಾಥೋಡ್ ಇರುತ್ತದೆ. ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊಮ್ಮುತ್ತವೆ. ಅವುಗಳನ್ನು ಬರಿದಾದ ಜಾಗದ ಮೂಲಕ ಆಚೆಯ ಪ್ಲೇಟಿಗೆ ಎಳೆದುಕೊಳ್ಳಲು ಪ್ಲೇಟಿನ ಮೇಲೆ ದೊಡ್ಡ ಧನ ವೋಲ್ಟೇಜ್ ಇರಬೇಕು. ನಡುವಿನ ಗ್ರಿಡ್ ಎಂಬ ತಂತಿಯ ಜಾಲರಿಯ ಮೇಲೆ ಹಾಡಿನ ಸಣ್ಣ ಸಂಕೇತ ಬಂದಾಗ, ಆ ಹರಿವು ಸಂಕೇತಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಆಂಪ್ಲಿಫೈಯರುಗಳಲ್ಲಿ ಬಹಳ ಬಳಕೆಯಲ್ಲಿರುವ ಇಎಲ್84 ವಾಲ್ವಿಗೆ ಪ್ಲೇಟಿನಲ್ಲಿ ಸಾಮಾನ್ಯವಾಗಿ 250 ವೋಲ್ಟ್ ಕೊಡುತ್ತಾರೆ. ದೊಡ್ಡ ವಾಲ್ವುಗಳಿಗೆ 400 ವೋಲ್ಟನ್ನೂ ಮೀರಿ ಬೇಕಾಗುತ್ತದೆ. ಹರಿಯುವ ಕರೆಂಟು ಮಾತ್ರ ಅಲ್ಪ: ಒಂದು ಇಎಲ್84ಕ್ಕೆ ಪ್ಲೇಟಿನಲ್ಲಿ ಸುಮಾರು 48 ಮಿಲಿಆಂಪಿಯರ್, ಸ್ಕ್ರೀನ್ ಎಂಬ ಇನ್ನೊಂದು ಗ್ರಿಡ್‌ನಲ್ಲಿ ಸುಮಾರು 5.5 ಮಿಲಿಆಂಪಿಯರ್. ಮೊಬೈಲ್ ಚಾರ್ಜರಿನಲ್ಲಿ ಇದರ ತಿರುವುಮುರುವು. ಅಲ್ಲಿ ವೋಲ್ಟೇಜ್ 5, ಕರೆಂಟು ಆಂಪಿಯರುಗಟ್ಟಲೆ. ಸಾಮಾನ್ಯ ಸರ್ಕ್ಯೂಟುಗಳಲ್ಲಿ ಬಳಸುವ ರೆಗ್ಯುಲೇಟರನ್ನು ಇಲ್ಲಿಗೆ ನೇರವಾಗಿ ತಂದು ಕೂರಿಸಲಾಗದಿರುವುದಕ್ಕೆ ಇದೇ ಕಾರಣ.

ರೆಗ್ಯುಲೇಟರಿಗೂ ಮುಂಚೆ ಇರುವುದು

ನಮ್ಮ ಮನೆಗಳಿಗೆ ಬರುವ 230 ವೋಲ್ಟಿನ ಎಸಿ ಸೆಕೆಂಡಿಗೆ 50 ಬಾರಿ ತೂಗಾಡುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ಬೇಕಾದ ಮಟ್ಟಕ್ಕೆ ಏರಿಸುತ್ತದೆ. ರೆಕ್ಟಿಫೈಯರ್ ಆ ತೂಗಾಟದ ಎರಡೂ ಮಗ್ಗುಲನ್ನು ಒಂದೇ ದಿಕ್ಕಿಗೆ ತಿರುಗಿಸುವುದರಿಂದ ಸೆಕೆಂಡಿಗೆ 100 ದಿಬ್ಬಗಳಿರುವ ಡಿಸಿ ಸಿಗುತ್ತದೆ. ದಿಬ್ಬಗಳ ನಡುವಿನ ತಗ್ಗನ್ನು ಕೆಪಾಸಿಟರ್ ತನ್ನಲ್ಲಿ ತುಂಬಿಕೊಂಡದ್ದರಿಂದ ಭರ್ತಿ ಮಾಡುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಉಳಿಯುವ ಏರಿಳಿತಕ್ಕೆ ರಿಪಲ್ ಎಂದು ಹೆಸರು. ಸ್ಪೀಕರಿನಲ್ಲಿ ಗುಂಯ್ಯೆನ್ನುವುದು ಬಹುಮಟ್ಟಿಗೆ ಈ 100 ಹರ್ಟ್ಸಿನ ರಿಪಲ್.

ಅದರ ಪ್ರಮಾಣವನ್ನು ಸುಲಭವಾಗಿ ಅಂದಾಜು ಮಾಡಬಹುದು. ಎರಡು ಚಾನೆಲ್ಲಿಗೆ ಒಂದೊಂದು ಇಎಲ್84, ಜೊತೆಗೊಂದು ಇಸಿಸಿ83 ಎಂಬ ಸಣ್ಣ ವಾಲ್ವ್ ಇರುವ ಆಂಪ್ಲಿಫೈಯರ್ ಸುಮಾರು 110 ಮಿಲಿಆಂಪಿಯರ್ ಎಳೆಯುತ್ತದೆ. ಕೆಪಾಸಿಟರ್ 100 ಮೈಕ್ರೋಫ್ಯಾರಡ್ ಆಗಿದ್ದರೆ ರಿಪಲ್ ಹೆಚ್ಚೆಂದರೆ 11 ವೋಲ್ಟಿನಷ್ಟಿರುತ್ತದೆ. ಇದನ್ನು ಇಳಿಸಲು ಹಳೆಯ ಕಾಲದವರು ಚೋಕ್ ಎಂಬ ತಂತಿಯ ಸುರುಳಿಯನ್ನು ಬಳಸುತ್ತಿದ್ದರು. 10 ಹೆನ್ರಿಯ ಒಂದು ಚೋಕ್, ಅದರ ಮುಂದೆ ಮತ್ತೊಂದು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ರಿಪಲ್ ಸುಮಾರು 400 ಪಾಲು ಕುಗ್ಗಿ 30 ಮಿಲಿವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಗುಂಯ್ ಸದ್ದೊಂದೇ ನಿಮ್ಮ ದೂರಾಗಿದ್ದರೆ, ರೆಗ್ಯುಲೇಟರ್ ಇಲ್ಲದೆಯೂ ಅದಕ್ಕೆ ಪರಿಹಾರವಿದೆ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ಚೋಕ್ ಮಾಡಲಾರದ ಕೆಲಸ ಬೇರೆ: ಗೋಡೆಯ ಸಾಕೆಟ್ಟಿನಲ್ಲಿ 230 ಇದ್ದದ್ದು 200ಕ್ಕೆ ಇಳಿದರೆ ಪ್ಲೇಟಿನ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಚೋಕ್ ಅದನ್ನು ತಡೆಯದು.

ತೂಬು ಮತ್ತು ಕೋಡಿ

ರೆಗ್ಯುಲೇಟರುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಎರಡನ್ನೂ ನಮ್ಮ ಊರಿನ ಕೆರೆಯಲ್ಲಿ ಕಾಣಬಹುದು.

ಕೆರೆಯಿಂದ ಗದ್ದೆಗೆ ಹೋಗುವ ಕಾಲುವೆಯ ಬಾಯಲ್ಲಿ ತೂಬು ಇರುತ್ತದೆ. ಕಾಲುವೆಯ ನೀರಿನ ಮಟ್ಟವನ್ನು ನೋಡುತ್ತ ನೀರಗಂಟಿ ತೂಬನ್ನು ಎತ್ತುತ್ತಾನೆ, ಇಳಿಸುತ್ತಾನೆ. ಕೆರೆಯಲ್ಲಿ ನೀರು ಹೆಚ್ಚಿರಲಿ ಕಡಿಮೆಯಿರಲಿ, ಕಾಲುವೆಯಲ್ಲಿ ಮಟ್ಟ ಒಂದೇ. ಸೀರೀಸ್ ರೆಗ್ಯುಲೇಟರ್ ಹೀಗೆಯೇ ಕೆಲಸ ಮಾಡುತ್ತದೆ. ಕಚ್ಚಾ ಡಿಸಿಗೂ ಆಂಪ್ಲಿಫೈಯರಿಗೂ ನಡುವೆ ತೂಬಿನಂತೆ ಒಂದು ಟ್ರಾನ್ಸಿಸ್ಟರ್ ಅಥವಾ ವಾಲ್ವ್ ನಿಂತು, ಹೆಚ್ಚಾದ ವೋಲ್ಟೇಜನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತದೆ. ಔಟ್‌ಪುಟ್ಟನ್ನು ಒಂದು ಸ್ಥಿರ ಅಳತೆಗೋಲಿನ ಜೊತೆ ಹೋಲಿಸಿ ಸೂಚನೆ ಕೊಡುವ ಭಾಗವೇ ನೀರಗಂಟಿ. ಆ ಅಳತೆಗೋಲಿಗೆ ರೆಫರೆನ್ಸ್ ಎನ್ನುತ್ತಾರೆ.

ಕೋಡಿಯ ರೀತಿ ಬೇರೆ. ಒಳಹರಿವು ಹೆಚ್ಚಾದಷ್ಟೂ ನೀರು ಕೋಡಿಯ ಮೇಲೆ ಹರಿದುಹೋಗುವುದರಿಂದ ಕೆರೆಯ ಮಟ್ಟ ಕೋಡಿಯ ಎತ್ತರದಲ್ಲೇ ನಿಲ್ಲುತ್ತದೆ. ಶಂಟ್ ರೆಗ್ಯುಲೇಟರ್ ಎಂದರೆ ಈ ಕೋಡಿ. ಅದು ಆಂಪ್ಲಿಫೈಯರಿನ ಪಕ್ಕದಲ್ಲಿ ನಿಂತು, ಬೇಡದ ಕರೆಂಟನ್ನು ನೆಲಕ್ಕೆ ಹರಿಸಿಬಿಡುತ್ತದೆ. ಸದಾ ಪೋಲಾಗುವ ಕರೆಂಟೇ ಅದರ ಬೆಲೆ.

ಎರಡಕ್ಕೂ ಸಾಮಾನ್ಯವಾದ ಒಂದು ಮಿತಿಯಿದೆ, ಆಯ್ಕೆಯೆಲ್ಲ ಅದರ ಮೇಲೆ ನಿಂತಿದೆ. ಕೆರೆಯ ನೀರು ಕಾಲುವೆಯ ಮಟ್ಟಕ್ಕಿಂತ ಕೆಳಗಿಳಿದ ಮೇಲೆ ತೂಬನ್ನು ಪೂರ್ತಿ ಎತ್ತಿದರೂ ಗದ್ದೆಗೆ ನೀರು ಹರಿಯದು. ಒಳಹರಿವು ಸಾಲದಾದರೆ ಕೋಡಿ ಒಣಗುತ್ತದೆ. ರೆಗ್ಯುಲೇಟರ್ ವೋಲ್ಟೇಜನ್ನು ಕಳೆಯಬಲ್ಲದೇ ಹೊರತು ಕೂಡಿಸಲಾರದು.

ಮೊದಲು ಲೆಕ್ಕ, ಆಮೇಲೆ ಅಂಗಡಿ

ಮೇಲೆ ಹೇಳಿದ ಎರಡು ಇಎಲ್84ರ ಆಂಪ್ಲಿಫೈಯರನ್ನೇ ತೆಗೆದುಕೊಳ್ಳೋಣ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲೂ ಕ್ಯಾಥೋಡ್ ರೆಸಿಸ್ಟರಿನಲ್ಲೂ ಕಳೆದುಹೋಗುವುದನ್ನು ಸೇರಿಸಿದರೆ ಅದಕ್ಕೆ 270 ವೋಲ್ಟ್ ಬೇಕು, 110 ಮಿಲಿಆಂಪಿಯರಿನಲ್ಲಿ. ಮನೆಯ ಕರೆಂಟು ಬೆಳಗಿನ ಜಾವ 250 ವೋಲ್ಟಿಗೆ ಏರಿ, ಸಂಜೆ 200ಕ್ಕೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ತೂಬು ಸರಿಯಾಗಿ ಕೆಲಸ ಮಾಡಲು ಅದರ ಮೇಲೆ ಕನಿಷ್ಠ 25 ವೋಲ್ಟ್ ಉಳಿಯಬೇಕು ಎಂದು ಇಟ್ಟುಕೊಂಡರೆ, ಸಂಜೆಯ ಹೊತ್ತಿನಲ್ಲೂ ಕಚ್ಚಾ ವೋಲ್ಟೇಜಿನ ತಗ್ಗು 295ಕ್ಕಿಂತ ಕೆಳಗೆ ಇಳಿಯಬಾರದು. ರಿಪಲ್ ಸೇರಿಸಿದರೆ ಸರಾಸರಿ 300 ಆಗಬೇಕು.

200ರಲ್ಲಿ 300 ಬೇಕಾದರೆ 230ರಲ್ಲಿ ಅದೇ ಟ್ರಾನ್ಸ್‌ಫಾರ್ಮರ್ 345 ಕೊಡುತ್ತದೆ. 250ರಲ್ಲಿ ಸುಮಾರು 375. ಬೆಳಗಿನ ಜಾವ ರೆಗ್ಯುಲೇಟರಿನ ಮೇಲೆ 105 ವೋಲ್ಟ್ ಬೀಳುತ್ತದೆ. ಇದನ್ನು 110 ಮಿಲಿಆಂಪಿಯರಿನಿಂದ ಗುಣಿಸಿದರೆ 11.5 ವ್ಯಾಟ್ ಶಾಖ. ಸಂಜೆಯ ಹೊತ್ತು ಇದೇ 3.3 ವ್ಯಾಟ್ ಮಾತ್ರ. ಬೆಸುಗೆ ಕಬ್ಬಿಣದ ಅರ್ಧದಷ್ಟು ಶಾಖವನ್ನು ಹಗಲು ರಾತ್ರಿ ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಪೆಟ್ಟಿಗೆಯೊಳಗೆ ಎಲ್ಲಿ ಕೂರುತ್ತದೆ ಎಂಬುದನ್ನು ಸರ್ಕ್ಯೂಟ್ ಆರಿಸುವ ಮುನ್ನವೇ ಯೋಚಿಸಬೇಕಾಗುತ್ತದೆ.

ಇನ್ನೊಂದು ಅಂಕಿಯನ್ನು ಬಹಳ ಜನ ಮರೆಯುತ್ತಾರೆ. ಸ್ವಿಚ್ ಹಾಕಿದ ಮೊದಲ ಅರ್ಧ ನಿಮಿಷ ವಾಲ್ವುಗಳ ಕ್ಯಾಥೋಡ್ ಇನ್ನೂ ಕಾದಿರುವುದಿಲ್ಲ, ಕರೆಂಟು ಎಳೆಯುವವರು ಯಾರೂ ಇರುವುದಿಲ್ಲ. ಮೀಟರ್ ಹಿಡಿದು ನೋಡುತ್ತಿದ್ದರೆ ಮೊದಲ ಕೆಪಾಸಿಟರಿನ ಮೇಲಿನ ಅಂಕಿ 375ನ್ನು ದಾಟಿ, 400ನ್ನೂ ದಾಟಿ ನಿಲ್ಲುತ್ತದೆ; ಹೀಟರುಗಳು ಕೆಂಪಾಗುತ್ತಿದ್ದಂತೆ ನಿಧಾನವಾಗಿ ಇಳಿಯತೊಡಗುತ್ತದೆ. ಕೆಪಾಸಿಟರಿಗೂ ರೆಗ್ಯುಲೇಟರಿಗೂ ಈ ತುದಿಯ ಅಂಕಿಯನ್ನು ತಾಳುವ ಶಕ್ತಿ ಇರಬೇಕು. ಇಲ್ಲಿ 450 ವೋಲ್ಟಿನ ಕೆಪಾಸಿಟರ್ ಬೇಕು, 350ರದ್ದು ಒಡೆಯುತ್ತದೆ.

ಎಲ್ಲಕ್ಕೂ ಬೇಕೇ, ಕೆಲವಕ್ಕೆ ಸಾಕೇ?

ಎರಡು ವಾಲ್ವುಗಳು ಎದುರುಬದುರಾಗಿ ದುಡಿಯುವ ಪುಷ್‌ಪುಲ್ ಆಂಪ್ಲಿಫೈಯರಿನಲ್ಲಿ ಪ್ಲೇಟಿಗೆ ಬರುವ ರಿಪಲ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಎರಡೂ ಅರ್ಧಗಳಲ್ಲಿ ಸಮನಾಗಿ ಬಂದು ಒಂದನ್ನೊಂದು ಬಹುಪಾಲು ಅಳಿಸುತ್ತದೆ. ಅಂಥಲ್ಲಿ ಪವರ್ ವಾಲ್ವಿನ ಪ್ಲೇಟಿಗೆ ರೆಗ್ಯುಲೇಟರ್ ಹಾಕುವುದರಿಂದ ಸಿಗುವ ಲಾಭ ಕಡಿಮೆ. ಗಿಟಾರ್ ಆಂಪ್ಲಿಫೈಯರಿನಲ್ಲಂತೂ ಗಟ್ಟಿಯಾಗಿ ಮೀಟಿದಾಗ ವೋಲ್ಟೇಜ್ ಕುಸಿಯುವುದನ್ನೇ ವಾದಕರು ಧ್ವನಿಯ ಗುಣವೆಂದು ಬಯಸುತ್ತಾರೆ. ಅಲ್ಲಿ ರೆಗ್ಯುಲೇಟರ್ ಬೇಡ.

ಒಂದೇ ವಾಲ್ವಿನ ಆಂಪ್ಲಿಫೈಯರಿನಲ್ಲಿ ಈ ಅಳಿಸುವಿಕೆ ಇಲ್ಲ. ಆದರೂ ಇಎಲ್84ರಂಥ ಪೆಂಟೋಡ್ ವಾಲ್ವಿನ ಒಂದು ಗುಣ ನಮ್ಮ ನೆರವಿಗೆ ಬರುತ್ತದೆ. ಅದರ ಪ್ಲೇಟಿನ ವೋಲ್ಟೇಜ್ ಸ್ವಲ್ಪ ಆಚೀಚೆಯಾದರೆ ಕರೆಂಟು ಅಷ್ಟಾಗಿ ಬದಲಾಗದು. ಸ್ಕ್ರೀನಿನ ವೋಲ್ಟೇಜ್ ಬದಲಾದರೆ ಮಾತ್ರ ಬಹಳ ಬದಲಾಗುತ್ತದೆ. ಆದ್ದರಿಂದ ಪ್ಲೇಟಿಗೆ ಚೋಕ್ ಮೂಲಕ ಕಚ್ಚಾ ಡಿಸಿಯನ್ನೇ ಕೊಟ್ಟು, ಸ್ಕ್ರೀನ್ ಮತ್ತು ಅದಕ್ಕೂ ಮುಂಚಿನ ಹಂತದ ಸಣ್ಣ ವಾಲ್ವುಗಳಿಗೆ ಮಾತ್ರ ರೆಗ್ಯುಲೇಟರ್ ಹಾಕಬಹುದು. ಕಚ್ಚಾ ವೋಲ್ಟೇಜ್ 230ರ ಕರೆಂಟಿನಲ್ಲಿ 290 ಬರುವಂತೆ ಟ್ರಾನ್ಸ್‌ಫಾರ್ಮರ್ ಆರಿಸಿ, ಸ್ಕ್ರೀನಿಗೆ 220 ಇಟ್ಟರೆ ಸಂಜೆಯ ಕುಸಿತವನ್ನೂ ರೆಗ್ಯುಲೇಟರ್ ನಿಭಾಯಿಸುತ್ತದೆ. ಒಟ್ಟು ಕರೆಂಟು ಸುಮಾರು 15 ಮಿಲಿಆಂಪಿಯರ್ ಆದ್ದರಿಂದ 250ರ ಬೆಳಗಿನಲ್ಲೂ ಶಾಖ 1.5 ವ್ಯಾಟನ್ನು ದಾಟದು. ಆಂಪ್ಲಿಫೈಯರಿನ ಗರಿಷ್ಠ ಶಕ್ತಿ ಸ್ವಲ್ಪ ತಗ್ಗುತ್ತದೆ ನಿಜ. ಮನೆಯಲ್ಲಿ ಕೇಳುವವರಿಗೆ, ಅದರಲ್ಲೂ ವೋಲ್ಟೇಜ್ ಏರಿಳಿಯುವ ಊರುಗಳಲ್ಲಿರುವವರಿಗೆ, ನಾನು ಹೇಳುವುದು ಈ ದಾರಿಯನ್ನೇ.

ಎಲ್‌ಪಿ ತಟ್ಟೆಯ ಸೂಜಿಯಿಂದ ಬರುವ ಕೆಲವೇ ಮಿಲಿವೋಲ್ಟಿನ ಸಂಕೇತವನ್ನು ನೂರಾರು ಪಾಲು ಹಿಗ್ಗಿಸುವ ಫೋನೊ ಹಂತದ ವಿಚಾರ ಬೇರೆ. ಅಲ್ಲಿ ಪೂರೈಕೆಯ ಅಲ್ಪ ಏರಿಳಿತವೂ ಹಾಡಿನ ಜೊತೆ ಹಿಗ್ಗಿಬಿಡುತ್ತದೆ. ರೆಗ್ಯುಲೇಟರಿಗೆ ಖರ್ಚು ಮಾಡಿದ ಹಣ ಅಲ್ಲಿ ಸಾರ್ಥಕ.

ಬಗೆಗಳು

ಎಲ್ಲಕ್ಕಿಂತ ಹಳೆಯದು ಅನಿಲ ತುಂಬಿದ ರೆಗ್ಯುಲೇಟರ್ ವಾಲ್ವ್. ಓಎ2 ಎಂಬ ವಾಲ್ವಿನ ಎರಡು ತುದಿಗಳ ನಡುವೆ 150 ವೋಲ್ಟ್ ನಿಲ್ಲುತ್ತದೆ, ಓಬಿ2 ವಾಲ್ವಿನಲ್ಲಿ 108. ಒಳಗಿನ ಅನಿಲ ಮಂದವಾಗಿ ಹೊಳೆಯುತ್ತದೆ, ನೋಡಲು ಅಂದ. ಇದು ಕೋಡಿಯ ಜಾತಿ. ಓಎ2ರಲ್ಲಿ ಹರಿಯುವ ಕರೆಂಟು 5ರಿಂದ 30 ಮಿಲಿಆಂಪಿಯರಿನ ನಡುವೆಯೇ ಇರಬೇಕು, ಕಷ್ಟವಿರುವುದೇ ಅಲ್ಲಿ. 10 ಮಿಲಿಆಂಪಿಯರ್ ಎಳೆಯುವ ಪ್ರೀಆಂಪ್ಲಿಫೈಯರಿಗೆ ಎರಡು ಓಎ2ಗಳನ್ನು ಸಾಲಾಗಿಟ್ಟು 300 ವೋಲ್ಟ್ ಪಡೆಯಬೇಕು, ಕಚ್ಚಾ ವೋಲ್ಟೇಜ್ 360 ಇದೆ, ನಡುವೆ 2.4 ಕಿಲೋಓಮ್ ರೆಸಿಸ್ಟರ್ ಇದೆ ಎನ್ನಿ. 230ರಲ್ಲಿ ರೆಸಿಸ್ಟರಿನ ಮೂಲಕ 25 ಮಿಲಿಆಂಪಿಯರ್ ಬರುತ್ತದೆ. 10 ಆಂಪ್ಲಿಫೈಯರಿಗೆ ಹೋಗಿ 15 ಓಎ2ಗೆ ಉಳಿಯುತ್ತದೆ, ಎಲ್ಲವೂ ಸರಿ. 200ಕ್ಕೆ ಇಳಿದಾಗ ಕಚ್ಚಾ ವೋಲ್ಟೇಜ್ 313 ಆಗಿ, ರೆಸಿಸ್ಟರ್ 5 ಮಿಲಿಆಂಪಿಯರನ್ನಷ್ಟೇ ಕೊಡಬಲ್ಲದು; ಕೋಡಿ ಒಣಗಿ ಹೊಳಪು ಆರುತ್ತದೆ. 250ಕ್ಕೆ ಏರಿ, ಪ್ರೀಆಂಪ್ಲಿಫೈಯರ್ ಇನ್ನೂ ಕಾಯದೆ ಇದ್ದಾಗ 38 ಮಿಲಿಆಂಪಿಯರ್ ಪೂರ್ತಿ ಓಎ2 ಮೂಲಕವೇ ಹರಿದು ಮಿತಿ ಮೀರುತ್ತದೆ. ಕಚ್ಚಾ ವೋಲ್ಟೇಜನ್ನು ಇನ್ನೂ ಎತ್ತರಕ್ಕೆ ಇಟ್ಟು, ರೆಸಿಸ್ಟರನ್ನೂ ಹಿಗ್ಗಿಸಿದರೆ ಮಾತ್ರ ಇದು ನಮ್ಮ ಕರೆಂಟಿಗೆ ಒಗ್ಗುತ್ತದೆ. ಇದರ ಪಕ್ಕ ದೊಡ್ಡ ಕೆಪಾಸಿಟರ್ ಇಡಬಾರದು. ಇಟ್ಟರೆ ಅನಿಲ ಹೊತ್ತಿ ಆರಿ ಹೊತ್ತಿ ಆರಿ ತಾನೇ ಸದ್ದು ಹುಟ್ಟಿಸುತ್ತದೆ.

ವಾಲ್ವಿನಿಂದಲೇ ಕಟ್ಟುವ ಸೀರೀಸ್ ರೆಗ್ಯುಲೇಟರಿನಲ್ಲಿ 6080 ಅಥವಾ 6ಎಎಸ್7 ತೂಬಾಗುತ್ತದೆ. ಹೊಡೆತ ತಾಳುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಒಂದು ಕ್ಷಣದ ಶಾರ್ಟ್ ಆದರೂ ಟ್ರಾನ್ಸಿಸ್ಟರಿನಂತೆ ತಟ್ಟನೆ ಸಾಯುವುದಿಲ್ಲ. ಆದರೆ ಹೀಟರ್ ಒಂದಕ್ಕೇ 6.3 ವೋಲ್ಟಿನಲ್ಲಿ 2.5 ಆಂಪಿಯರ್, ಅಂದರೆ ಸುಮಾರು 16 ವ್ಯಾಟ್ ಬೇಕು. ಕ್ಯಾಥೋಡ್ 270 ವೋಲ್ಟಿನ ಮೇಲೆ ಕೂರುವುದರಿಂದ ಅದರ ಹೀಟರಿಗೆ ಟ್ರಾನ್ಸ್‌ಫಾರ್ಮರಿನಲ್ಲಿ ಪ್ರತ್ಯೇಕ ಸುತ್ತು ಇಡಿಸುವುದೂ ಅಗತ್ಯ.

ಇಂದು ಹವ್ಯಾಸಿಗಳಿಗೆ ಎಲ್ಲಕ್ಕಿಂತ ಕೈಗೆಟುಕುವುದು ನಿಗದಿತ ವೋಲ್ಟೇಜನ್ನು ಹಿಡಿದಿಡುವ ಝೀನರ್ ಡಯೋಡ್ ಮತ್ತು ತೂಬಾಗುವ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರಿನ ಜೋಡಿ. ಝೀನರ್ ಡಯೋಡುಗಳನ್ನು ಸಾಲಾಗಿಟ್ಟು, ಉದಾಹರಣೆಗೆ 100, 100 ಮತ್ತು 75 ವೋಲ್ಟಿನವು ಸೇರಿ 275 ಆಗುವಂತೆ ಮಾಡಿ, ಅದನ್ನು ಐಆರ್‌ಎಫ್840ರಂಥ 500 ವೋಲ್ಟಿನ ಮಾಸ್‌ಫೆಟ್ಟಿನ ಗೇಟ್ ಎಂಬ ನಿಯಂತ್ರಣದ ಕಾಲಿಗೆ ಕೊಟ್ಟರೆ, ಔಟ್‌ಪುಟ್ ಕೊಡುವ ಸೋರ್ಸ್ ಎಂಬ ಕಾಲಿನಲ್ಲಿ ಅದಕ್ಕಿಂತ ಸುಮಾರು 4 ವೋಲ್ಟ್ ಕಡಿಮೆ, ಅಂದರೆ 271 ಸಿಗುತ್ತದೆ. ಇಲ್ಲಿ ಔಟ್‌ಪುಟ್ಟನ್ನು ಅಳೆದು ತಿದ್ದುವ ನೀರಗಂಟಿ ಇಲ್ಲ. ಗೇಟಿನ ಎತ್ತರವನ್ನು ಮಾಸ್‌ಫೆಟ್ ತಾನಾಗಿ ಹಿಂಬಾಲಿಸುತ್ತದೆ, ಅಷ್ಟೆ. ಆಡಿಯೊಗೆ ಇಷ್ಟು ಸಾಕಾಗುತ್ತದೆ. ಗೇಟ್ ಕರೆಂಟು ಎಳೆಯುವುದಿಲ್ಲವಾದ್ದರಿಂದ ಝೀನರಿಗೂ ಗೇಟಿಗೂ ನಡುವೆ 100 ಕಿಲೋಓಮ್ ರೆಸಿಸ್ಟರ್ ಮತ್ತು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟು, ಝೀನರುಗಳು ತಾವೇ ಹುಟ್ಟಿಸುವ ಸದ್ದನ್ನು ಸೋಸಿಬಿಡಬಹುದು. ವೋಲ್ಟೇಜ್ ಮೆಲ್ಲಗೆ ಏರುವುದು ಇದರ ಇನ್ನೊಂದು ಲಾಭ. ಎರಡು ಬಿಡಿಭಾಗಗಳನ್ನು ಮಾತ್ರ ಬಿಡಲೇಬಾರದು. ಗೇಟಿಗೂ ಸೋರ್ಸಿಗೂ ನಡುವೆ 20 ವೋಲ್ಟ್ ಮೀರಿದರೆ ಮಾಸ್‌ಫೆಟ್ ಸಾಯುವುದರಿಂದ ಅಲ್ಲಿ 15 ವೋಲ್ಟಿನ ಝೀನರ್ ಇರಬೇಕು. ಗೇಟಿನ ಕಾಲಿಗೆ ಅಂಟಿಕೊಂಡಂತೆ ನೂರಿನ್ನೂರು ಓಮ್ ರೆಸಿಸ್ಟರ್ ಇರಬೇಕು, ಇಲ್ಲದಿದ್ದರೆ ಮಾಸ್‌ಫೆಟ್ ಕಿವಿಗೆ ಕೇಳದ ಕಂಪನದಲ್ಲಿ ಕುಣಿಯತೊಡಗುತ್ತದೆ.

ಇದೇ ಸರ್ಕ್ಯೂಟಿನಿಂದ ಝೀನರುಗಳನ್ನು ತೆಗೆದು, ಗೇಟನ್ನು ಕಚ್ಚಾ ವೋಲ್ಟೇಜಿನ ಸೋಸಿದ ಪಾಲಿಗೆ ಜೋಡಿಸಿದರೆ ಕೆಪಾಸಿಟರ್ ಮಲ್ಟಿಪ್ಲೈಯರ್ ಆಗುತ್ತದೆ. ಅದು ರಿಪಲ್ಲನ್ನು ತೆಗೆಯುತ್ತದೆ, ಊರಿನ ಏರಿಳಿತವನ್ನು ಹಾಗೆಯೇ ಬಿಡುತ್ತದೆ. ವೋಲ್ಟೇಜ್ ಸ್ಥಿರವಾಗಿರುವ ಮನೆಗಳಿಗೆ, ಭಾರದ ಚೋಕ್ ಬೇಡವೆನ್ನುವವರಿಗೆ ಇದು ಹೊಂದುತ್ತದೆ, ಶಾಖವೂ ಕಡಿಮೆ.

ಹೆಚ್ಚು ನಿಖರತೆ ಬೇಕಾದವರು ಮೈಡಾ ರೆಗ್ಯುಲೇಟರ್ ಎಂಬ ಹೆಸರನ್ನು ಕೇಳಿರುತ್ತಾರೆ. ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಮೈಡಾ ಎಂಬ ಎಂಜಿನಿಯರ್ ಬರೆದ ಟಿಪ್ಪಣಿಯಿಂದ ಈ ಹೆಸರು ಬಂತು. ಅಗ್ಗದ ಎಲ್‌ಎಂ317 ಐಸಿ ತನ್ನ ಇನ್‌ಪುಟ್ ಔಟ್‌ಪುಟ್ಟುಗಳ ನಡುವೆ 40 ವೋಲ್ಟನ್ನಷ್ಟೇ ತಾಳಬಲ್ಲದು. ನೆಲಕ್ಕೂ ಅದಕ್ಕೂ ಎಷ್ಟು ಅಂತರವಿದೆ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಹೀಗಾಗಿ ಅದರ ಮುಂದೆ ಹೈ ವೋಲ್ಟೇಜ್ ಟ್ರಾನ್ಸಿಸ್ಟರ್ ಒಂದನ್ನು ನಿಲ್ಲಿಸಿ, ಐಸಿಯ ಮೇಲೆ ಕೆಲವೇ ವೋಲ್ಟ್ ಬೀಳುವಂತೆ ನೋಡಿಕೊಂಡರೆ, ಐಸಿ 270 ವೋಲ್ಟಿನ ಎತ್ತರದಲ್ಲಿ ತೇಲುತ್ತ ನೀರಗಂಟಿಯ ಕೆಲಸ ಮಾಡುತ್ತದೆ. ಕಟ್ಟುವವರು ಎಡವುವುದು ಔಟ್‌ಪುಟ್ ನಿಗದಿ ಮಾಡುವ ರೆಸಿಸ್ಟರಿನಲ್ಲಿ. ಅದರ ಮೂಲಕ 5 ಮಿಲಿಆಂಪಿಯರ್ ಹರಿದರೂ 270 ವೋಲ್ಟಿನಲ್ಲಿ 1.35 ವ್ಯಾಟ್ ಆಗುತ್ತದೆ; ಕಾಲು ವ್ಯಾಟಿನ ರೆಸಿಸ್ಟರ್ ಅಲ್ಲಿ ಸುಟ್ಟುಹೋಗಿ, ಔಟ್‌ಪುಟ್ ಏಕ್‌ದಂ ಮೇಲಕ್ಕೆ ನೆಗೆಯುತ್ತದೆ.

ಸಿದ್ಧ ಐಸಿಗಳೂ ಇವೆ. ಟಿಎಲ್783ರ ಔಟ್‌ಪುಟ್ 125 ವೋಲ್ಟಿಗೆ ಮುಗಿಯುತ್ತದೆ, ನಮಗೆ ಸಾಲದು. ಎಲ್‌ಆರ್8 ಎಂಬುದು 450 ವೋಲ್ಟಿನವರೆಗಿನ ಇನ್‌ಪುಟ್ಟನ್ನು ತಾಳುತ್ತದೆ, ಆದರೆ ಕೊಡುವ ಕರೆಂಟು ಸುಮಾರು 10 ಮಿಲಿಆಂಪಿಯರ್. ಇಸಿಸಿ83 ವಾಲ್ವಿನ ಫೋನೊ ಹಂತಕ್ಕೆ ಇದು ಚೊಕ್ಕವಾಗಿ ಹೊಂದುತ್ತದೆ.

ಜೀವದ ವಿಚಾರ

100 ಮೈಕ್ರೋಫ್ಯಾರಡ್ ಕೆಪಾಸಿಟರ್ 400 ವೋಲ್ಟಿನಲ್ಲಿ 8 ಜೂಲ್ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಅದು ಅಲ್ಲಿಯೇ ಇರುತ್ತದೆ. ಅದರ ಅಡ್ಡಕ್ಕೆ 220 ಕಿಲೋಓಮ್, 2 ವ್ಯಾಟಿನ ರೆಸಿಸ್ಟರನ್ನು ಶಾಶ್ವತವಾಗಿ ಬೆಸೆದರೆ ಸುಮಾರು ಎರಡು ನಿಮಿಷದಲ್ಲಿ ಖಾಲಿಯಾಗುತ್ತದೆ. ಆದರೂ ಪ್ರತಿ ಸಲ ಮೀಟರಿನಿಂದ ಅಳೆದೇ ಕೈ ಇಡಬೇಕು. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್) ಇದೆ, ಅದು ಕಾಪಾಡುತ್ತದೆ ಎಂಬ ನಂಬಿಕೆ ಇಲ್ಲಿ ಅಪಾಯಕಾರಿ. ಟ್ರಾನ್ಸ್‌ಫಾರ್ಮರಿನ ಆಚೆ ಬದಿ ಮನೆಯ ವೈರಿಂಗಿನಿಂದ ಬೇರ್ಪಟ್ಟಿರುವುದರಿಂದ, ಅಲ್ಲಿ ನಿಮಗೆ ಶಾಕ್ ಹೊಡೆದರೆ ಆರ್‌ಸಿಸಿಬಿಗೆ ಅದು ತಿಳಿಯುವುದೇ ಇಲ್ಲ. ಮಾಸ್‌ಫೆಟ್ಟಿನ ಲೋಹದ ಬೆನ್ನೂ ಕಚ್ಚಾ ವೋಲ್ಟೇಜಿನಲ್ಲೇ ಇರುತ್ತದೆ. ಅದಕ್ಕೂ ಹೀಟ್‌ಸಿಂಕಿಗೂ ನಡುವೆ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ತೋಳು, ಹೀಟ್‌ಸಿಂಕಿಗೆ ಅರ್ತ್ ಸಂಪರ್ಕ, ಈ ಮೂರೂ ಇರಲೇಬೇಕು. ಹೈ ವೋಲ್ಟೇಜಿನ ಅನುಭವವಿಲ್ಲದವರು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಪೆಟ್ಟಿಗೆ ತೆರೆಯಬಾರದು.

ಕಟ್ಟಿದ ಮೇಲೆ ನೋಡಬೇಕಾದದ್ದು

ರೆಗ್ಯುಲೇಟರನ್ನು ಮೊದಲ ಬಾರಿಗೆ ಬೆಲೆಬಾಳುವ ವಾಲ್ವುಗಳಿಗೆ ಜೋಡಿಸುವ ಬದಲು ಒಂದು ದೊಡ್ಡ ರೆಸಿಸ್ಟರಿಗೆ ಜೋಡಿಸಬೇಕು. 270 ವೋಲ್ಟಿಗೆ 110 ಮಿಲಿಆಂಪಿಯರ್ ಎಳೆಯಲು ಸುಮಾರು 2.5 ಕಿಲೋಓಮ್ ಬೇಕು. ಅದರಲ್ಲಿ 30 ವ್ಯಾಟ್ ಶಾಖ ಹುಟ್ಟುವುದರಿಂದ 50 ವ್ಯಾಟಿನದನ್ನು ತರಬೇಕು. ವೇರಿಯಾಕ್ ಎಂಬ ಹೊಂದಿಸಬಲ್ಲ ಟ್ರಾನ್ಸ್‌ಫಾರ್ಮರಿನಿಂದ ಇನ್‌ಪುಟ್ಟನ್ನು 250ರಲ್ಲಿಟ್ಟು ಒಂದು ಗಂಟೆ ಬಿಟ್ಟು, ಪೆಟ್ಟಿಗೆಯ ಮುಚ್ಚಳ ಹಾಕಿರುವಾಗಲೇ ಹೀಟ್‌ಸಿಂಕ್ ಎಷ್ಟು ಬಿಸಿಯಾಯಿತೆಂದು ಥರ್ಮಾಮೀಟರಿನಿಂದ ಅಳೆಯಬೇಕು. ಆಮೇಲೆ ಇನ್‌ಪುಟ್ಟನ್ನು ಐದೈದು ವೋಲ್ಟಿನಂತೆ ಕೆಳಗಿಳಿಸುತ್ತ, ಮೀಟರನ್ನು ಎಸಿಗೆ ತಿರುಗಿಸಿ ಔಟ್‌ಪುಟ್ಟಿನ ರಿಪಲ್ಲನ್ನು ನೋಡುತ್ತ ಹೋಗಬೇಕು. ಒಂದು ಹಂತದವರೆಗೆ ಅಂಕಿ ಅಲುಗಾಡುವುದಿಲ್ಲ. ಅಲ್ಲಿಂದ ಕೆಳಗೆ ಒಮ್ಮೆಲೇ ಹತ್ತಾರು ಪಾಲು ಏರುತ್ತದೆ. ಆ ಹಂತ ನಿಮ್ಮ ಮನೆಯ ಸಂಜೆಯ ವೋಲ್ಟೇಜಿಗಿಂತ ಕೆಳಗಿದ್ದರೆ ವಾಲ್ವುಗಳನ್ನು ಸಾಕೆಟ್ಟಿಗೆ ಹಾಕಬಹುದು. ಮೇಲಿದ್ದರೆ ಬದಲಿಸಬೇಕಾದದ್ದು ರೆಗ್ಯುಲೇಟರನ್ನಲ್ಲ, ಟ್ರಾನ್ಸ್‌ಫಾರ್ಮರನ್ನು, ಅಥವಾ ಔಟ್‌ಪುಟ್ಟಿಗೆ ನೀವು ನಿಗದಿ ಮಾಡಿಕೊಂಡ ವೋಲ್ಟೇಜನ್ನು.